ಮಾಮಾನನ್ನು ಹುಡುಕಿದ ವಿಮಾನಗಳು

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ. ಆಗ ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಹುಡುಗಿಯರಿಗೆ ವಿಜ್ಞಾನ ಕಲಿಸುತ್ತಿದ್ದೆ. ಪಾಠದ ನಡುವೆ ಜವಾನ ಬಾಗಿಲಿಗೆ ಬಂದು, "ಅಕ್ಕೋರ, ರಾಮದುರ್ಗದಿಂದ ನಿಮಗ ತಾರ ಬಂದೈತ್ರಿ" ಎಂದ. ಒಡೆದು ನೋಡಿದರೆ ಎರಡೇ ಮಾತು. ಹಡಗು ಕಾಣೆಯಾಗಿದೆ, ಕೂಡಲೇ ಬಾ.

ನನ್ನ ಅಕ್ಕನ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಮುಂಬಯಿಗೆ ಗಿರಣಿ ಕೆಲಸಕ್ಕೆಂದು ಹೋಗಿದ್ದವರು, ಯಾರದೋ ಪರಿಚಯದಿಂದ ಸರಕು ಹಡಗೊಂದರಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುವ ಕೆಲಸ ಹಿಡಿದಿದ್ದರು. ಅಕ್ಕ ಅತ್ತೆಯ ಜೊತೆ ರಾಮದುರ್ಗದಲ್ಲೇ ಇದ್ದಳು. ನಮ್ಮ ಮನೆತನದಲ್ಲಿ ಸಮುದ್ರ ಕಂಡವರು ಮಾಮಾ ಒಬ್ಬರೇ.

ಸವದತ್ತಿಯಲ್ಲಿ ಬಸ್ಸು ಬದಲಿಸಿ ಸಂಜೆಗೆ ರಾಮದುರ್ಗ ಮುಟ್ಟಿದೆ. ಅಕ್ಕ ಹೊಸ್ತಿಲ ಮೇಲೆ ಕುಳಿತಿದ್ದಳು. ಹಡಗಿನ ಕಂಪನಿಯ ತಂತಿ ಅವಳ ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾಗಿತ್ತು. ಬಿರುಗಾಳಿಯಲ್ಲಿ ಸಿಕ್ಕ ಹಡಗಿನಿಂದ ವೈರ್‌ಲೆಸ್ ಸುದ್ದಿ ನಿಂತುಹೋಗಿದೆ, ಸೈನ್ಯದ ವಿಮಾನಗಳು ಹುಡುಕುತ್ತಿವೆ ಎಂದು ಅದರಲ್ಲಿತ್ತು.

"ನೀ ಸಾಯನ್ಸ್ ಕಲಸಾಕಿ," ಎಂದಳು ಅಕ್ಕ. "ಹೇಳು, ಅಷ್ಟ ಎತ್ತರದಾಗ ಕುಂತವರಿಗೆ ನೀರಾಗಿನ ಮನಶ್ಯಾ ಕಾಣತಾನೇನು?"

"ಕಾಣತಾನ," ಎಂದುಬಿಟ್ಟೆ.

ನನಗೇನು ಗೊತ್ತಿತ್ತು? ಆದರೆ ಆ ಒಂದು ಮಾತು ಕೇಳಿದ್ದೇ ಅಕ್ಕ ಎದ್ದು ಒಲೆ ಹಚ್ಚಿದಳು. ವಿಚಾರಿಸಲು ಬಂದವರಿಗೆಲ್ಲ, "ವಿಮಾನ ಹೋಗ್ಯಾವ್ರಿ, ಕಾಣತಾರಂತ, ನಮ್ಮ ತಂಗಿ ಹೇಳ್ಯಾಳ" ಎನ್ನತೊಡಗಿದಳು. ನಾನು ಹೇಳಿದ್ದು ಸುಳ್ಳಾದರೆ?

ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರರ ತಂದೆ ಕಿತ್ತೂರಿನಲ್ಲಿದ್ದರು. ಮಹಾಯುದ್ಧದ ಕಾಲದಿಂದಲೂ ವಿಮಾನದಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾದವರು. ಮರುದಿನ ಬೆಳಿಗ್ಗೆ, ಸಾಲೆಗೆ ರಜಾ ಅರ್ಜಿ ಕೊಡುವುದಿದೆ ಎಂದು ಅಕ್ಕನಿಗೆ ಹೇಳಿ, ಮೊದಲ ಬಸ್ಸು ಹಿಡಿದು ಕಿತ್ತೂರಿಗೆ ಹೋದೆ. ಮುದುಕರು ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿ ಬುಟ್ಟಿ ಬದಿಗೆ ಸರಿಸಿದರು.

"ನಮ್ಮ ಕಾಲದ ವಿಮಾನದ ಹೊಟ್ಟಿ ದೋಣಿ ಇದ್ದಂಗ ಇತ್ತವಾ. ಮದರಾಸಿನ ಹಂತ್ಯಾಕ ಒಂದು ದೊಡ್ಡ ಕೆರಿ. ಅಲ್ಲೇ ಏಳತಿದ್ದಿವಿ, ಅಲ್ಲೇ ಇಳೀತಿದ್ದಿವಿ. ಹಡಗಾ ಮುಳಗಿ ತೇಲೋ ಮಂದಿ ಕಂಡ್ರ, ತೆರಿ ಸಣ್ಣವಿದ್ರ, ಸಮುದ್ರದ ಮ್ಯಾಲೇ ಇಳದು ಎತ್ತಿಕೊಂಡು ಬರತಿದ್ದಿವಿ."

"ಈಗೂ ಹಂಗ ಮಾಡತಾರೇನ್ರಿ, ಕಾಕಾ?"

"ಇಲ್ಲವಾ. ಯುದ್ಧ ಮುಗದಮ್ಯಾಲೆ ಬ್ಯಾರೆ ದೇಶದವರು ಬಿಟ್ಟು ಹೋದ ನಾಕ ಎಂಜಿನ್ನಿನ ಬಾಂಬ್ ವಿಮಾನಾನ ರಿಪೇರಿ ಮಾಡಿ ಸಮುದ್ರ ಕಾಯಾಕ ಹಚ್ಚಿದ್ರು. ಅದರಾಗೂ ನಾ ಹಾರೀನಿ. ಅವೂ ಹಳೇವಾದ್ವು. ಈಗ ಪ್ಯಾಸೆಂಜರ್ ವಿಮಾನಾನ ಬದಲಿ ಮಾಡಿ ಇಟ್ಟಾರಂತ. ಗಾಲಿ ಇರೋ ವಿಮಾನ ನೀರಾಗ ಇಳ್ಯಾಕ ಬರೂದಿಲ್ಲ. ಮಂದಿ ಕಂಡ್ರ ರಬ್ಬರ್ ದೋಣಿ ಒಗೀತಾರ, ಹಡಗಾ ಕರಸತಾರ, ಅದು ಬರೂತನಕ ಅಲ್ಲೇ ಸುತ್ತತಾರ."

"ಹೆಲಿಕಾಪ್ಟರ್ ಹಗ್ಗಾ ಬಿಟ್ಟು ಎತ್ತತೈತೆಲ್ರಿ?"

"ಎತ್ತತೈತಿ. ಆದ್ರ ದಂಡಿ ಬಿಟ್ಟು ಭಾಳ ದೂರ ಹೋಗಾಕ ಆಗೂದಿಲ್ಲ."

"ಮಂದಿ ಕಂಡ್ರ ಅಂದ್ರಿ. ಕಾಣಲಿಲ್ಲಂದ್ರ?"

ಅವರು ಅಂಗೈಯಲ್ಲಿದ್ದ ಶೇಂಗಾ ಸಿಪ್ಪೆ ಕೊಡವಿದರು. "ಗಾಳಿ ಇದ್ದಾಗ ಸಮುದ್ರ ತುಂಬ ಬಿಳೇ ನೊರಿ. ಒಂದೊಂದು ನೊರೀನೂ ಮನಶ್ಯಾನ ತಲಿ ಇದ್ದಂಗ ಕಾಣತೈತಿ. ತಾಸೊತ್ತಿನಾಗ ಕಣ್ಣು ಸೋಲತಾವ. ನಾವು ಎಷ್ಟ ಮಂದಿ ತಲಿಮ್ಯಾಲೆ ಹಾದು ಹೋಗೇವೋ, ಯಾರಿಗ್ಗೊತ್ತವಾ."



ತಿರುಗಿ ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯಿಂದ ಎರೆಹೊಲಗಳನ್ನು ನೋಡುತ್ತಿದ್ದೆ. ದೂರದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರನ್ನು ಎಣಿಸಲು ನೋಡಿದೆ. ಅಲುಗಾಡದ ಬಯಲಿನಲ್ಲಿ, ಕೆಂಪು ಸೀರೆ ಉಟ್ಟವರನ್ನೇ ಎಣಿಸಲಾಗಲಿಲ್ಲ. ಅಕ್ಕನಿಗೆ ಏನು ಹೇಳಲಿ? ಮನೆ ಮುಟ್ಟಿದಾಗ ಕಿತ್ತೂರಿಗೆ ಹೋಗಿದ್ದೆನೆಂದು ಒಪ್ಪಿಕೊಂಡು, ಮುದುಕರ ಮಾತಿನಲ್ಲಿ ಅರ್ಧವನ್ನಷ್ಟೇ ಹೇಳಿದೆ. ರಬ್ಬರ್ ದೋಣಿ ಒಗೆಯುತ್ತಾರೆ, ಹಡಗು ಕರೆಸುತ್ತಾರೆ ಎಂದೆ. ಉಳಿದರ್ಧ ನುಂಗಿಕೊಂಡೆ.

ಆ ಸಂಜೆ ಅತ್ತೆ ಮನೆಯಲ್ಲಿರಲಿಲ್ಲ. ಅವರ ಮನೆಯವರೆಲ್ಲ ಬುದ್ಧನನ್ನು ನಂಬಿ ಬಹಳ ವರ್ಷವಾಗಿತ್ತು. ದೇವರಿಗೆ ಹರಕೆ ಹೊರುವುದನ್ನು ಮೊದಲು ಬಿಟ್ಟವರೇ ಅತ್ತೆ. ದೀಪ ಹಚ್ಚುವ ಹೊತ್ತಿಗೆ ಹಣೆ ತುಂಬ ಭಂಡಾರದ ಅರಿಶಿನ ಹಚ್ಚಿಕೊಂಡು ಬಂದರು. ಸವದತ್ತಿ ಗುಡ್ಡದ ದೇವಿಗೆ ಹರಕೆ ಹೊರಲು ಹೋಗಿದ್ದರೆಂದು ಕೇಳದೆಯೇ ತಿಳಿಯಿತು. ಎಂದಿನಂತೆ ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ, ನಮ್ಮ ಕಡೆ ತಿರುಗದೆಯೇ, "ಯಾರೂ ಏನೂ ಅನಬ್ಯಾಡ್ರಿ. ಅಂವ ನನ್ನ ಹೊಟ್ಟ್ಯಾಗ ಹುಟ್ಟಿದಾಂವ" ಎಂದರು.

ಇನ್ನೆರಡು ದಿನ ಹಾಗೆಯೇ ಕಳೆದವು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮೂವರೂ ಎದ್ದು ನಿಲ್ಲುತ್ತಿದ್ದೆವು. ಮೂರನೆಯ ದಿನ ಮಧ್ಯಾಹ್ನ ಅವನು ನಮ್ಮ ಬಾಗಿಲಲ್ಲೇ ಇಳಿದ. ಅಕ್ಕನ ಕೈ ಮುಂದೆ ಬರಲಿಲ್ಲ. ನಾನೇ ಒಡೆದು ಓದಿದೆ. ಜೀವಂತವಾಗಿದ್ದಾರೆ, ಮುಂಬಯಿಯ ಆಸ್ಪತ್ರೆಯಲ್ಲಿದ್ದಾರೆ. ಅತ್ತೆ ನೆಲಕ್ಕೆ ಕುಸಿದು ದನಿ ತೆಗೆದು ಅತ್ತರು. ಅಕ್ಕ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ವಾರವಾದರೂ ಹೋಗಲಿಲ್ಲ.

ಶ್ರಾವಣದಲ್ಲಿ ಮಾಮಾ ಊರಿಗೆ ಬಂದರು. ಬಿಸಿಲು, ಉಪ್ಪಿಗೆ ಮೋರೆಯ ಸಿಪ್ಪೆ ಎದ್ದಿತ್ತು. ಊಟಕ್ಕೆ ಕುಳಿತಾಗ ತಾವಾಗಿಯೇ ಹೇಳತೊಡಗಿದರು.

"ಎರಡು ರಬ್ಬರ್ ದೋಣಿ ಇದ್ವು. ನಮ್ಮದರಾಗ ಆರ ಮಂದಿ. ಮೊದಲನೇ ದಿನ ವಿಮಾನ ನೆತ್ತಿಮ್ಯಾಲೇ ಹಾದು ಹೋತು. ಅಂಗಿ ಬೀಸಿದಿವಿ, ಒದರಿದಿವಿ. ಹೊಳ್ಳಿ ನೋಡಲಿಲ್ಲ. ಆವಾಗ ಜೀವಾ ಹೋತು ನೋಡು, ಹಡಗಾ ಮುಳಗಿದಾಗ ಅಲ್ಲ. ಮರದಿನ ಆ ಇನ್ನೊಂದು ದೋಣಿ ತೆರಿ ಹಿಂದ ಸರದು ಸರದು ಕಾಣದಂಗಾತು. ಅದರ ಮುಂದಿನ ದಿನ ಒಬ್ಬಾಂವ ಬಿಸ್ಕೀಟ ಡಬ್ಬಿ ಮುಚ್ಚಳಾ ಬಿಸಲಿಗೆ ಹಿಡದ. ವಿಮಾನ ಒಂದು ರೆಕ್ಕಿ ವಾಲಿಸಿ ತಿರಗಿತು. ನೀರಿನ ಡಬ್ಬಿ ಒಗೀತು. ಹಡಗಾ ಬರೂತನಕ ನಮ್ಮನ್ನ ಬಿಟ್ಟು ಹೋಗಲಿಲ್ಲ."

ಅಕ್ಕ ಬಡಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮಂದಿ ಕಾಣದನೂ ಹಾದು ಹೋಗತಾರಂತ ನಿನಗ ಗೊತ್ತಿತ್ತೇನ?"

"ಕಿತ್ತೂರಿಗೆ ಹೋಗಿ ಬಂದಮ್ಯಾಲೆ ಗೊತ್ತಿತ್ತು," ಎಂದೆ.

ಅವಳು ಸೌಟು ಕೆಳಗಿಟ್ಟು ಒಳಗೆ ಹೋದಳು. ಮರುದಿನ ನಾನು ಬಸ್ಸು ಹತ್ತುವವರೆಗೂ ಮಾತಾಡಲಿಲ್ಲ.

ಮಾಮಾ ಮತ್ತೆ ಹಡಗಿಗೆ ಹೋಗಲಿಲ್ಲ. ದಸರೆಯ ಹೊತ್ತಿಗೆ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿ, ಮೂವರೂ ನನ್ನ ಓಣಿಗೇ ಬಂದರು. ಅಕ್ಕ ಮಾತಾಡತೊಡಗಿದ್ದಳು, ಆದರೆ ತೂಗಿ ತೂಗಿ. ಆಗಲೇ ರತ್ನಾಗಿರಿ ಕಡೆಯಿಂದ ಮರಾಠಿಯಲ್ಲಿ ಒಂದು ಪತ್ರ ಬಂತು. ಸಿಗದೇ ಹೋದ ದೋಣಿಯಲ್ಲಿದ್ದವನ ಹೆಂಡತಿ ಬರೆಸಿದ್ದು. ನಿಮ್ಮ ಯಜಮಾನರು ನಮ್ಮವರನ್ನು ಕಡೆಗೆ ಕಂಡದ್ದು ಯಾವಾಗ? ವಿಮಾನದವರು ಇನ್ನೂ ಹುಡುಕುತ್ತಿರಬಹುದೇ?

ನಾನು ಓದಿ ಹೇಳಿದ್ದನ್ನು ಕೇಳಿ ಮಾಮಾ ಎದ್ದು ಹೊರಗೆ ಹೋದರು. ಅಕ್ಕ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟು ಎದುರಿಗೇ ಕುಳಿತಳು.

"ನಾ ಹೇಳತೇನಿ, ನೀ ಬರಿ," ಎಂದಳು. "ಖರೇ ಇದ್ದದ್ದ ಬರಿ. ಆಕಿ ಎಷ್ಟ ದಿನಾ ಬಾಗಲಾ ಕಾಯಬೇಕು?"

ಕಡೆಗೆ ಕಂಡದ್ದು ಎರಡನೆಯ ದಿನ, ಈಗ ಯಾರೂ ಹುಡುಕುತ್ತಿಲ್ಲ. ಈ ಎರಡು ಸಾಲು ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು.