ಮೊಸರಿನ ನೀರಿಗೆ ಜಾರಿದ ಗೆರೆ

ಹೋದ ವಾರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದಾಗ ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಥಟ್ಟನೆ ಉಣಕಲ್ಲಿನ ನಮ್ಮ ಮನೆಯ ಮೇಲಿನ ಕೋಣೆ, ಅಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು...

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವರು ಪಿಎಚ್.ಡಿ. ಮಾಡುತ್ತಿದ್ದರು. ರಕ್ತದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಮೈಕ್ರೋವೇವ್ ತರಂಗಗಳಿಂದ ಅಳೆಯುವುದು ಅವರ ಕೆಲಸ. ಕಾನ್ವೆಂಟಿನಲ್ಲಿ ವಿಜ್ಞಾನ ಓದಿದ್ದರೂ ಮೈಕ್ರೋವೇವ್ ಎಂದರೆ ನನಗೆ ಗೊತ್ತಿದ್ದುದು ಅಡುಗೆಮನೆಯ ಪೆಟ್ಟಿಗೆಯೊಂದೇ! ಅವರೇ ಕೋಣೆಯಲ್ಲಿ ಕೂತು ಬೆಸುಗೆ ಹಾಕಿ ಮಾಡಿದ ಸೆನ್ಸರ್ ಹಸಿರು ಹಲಗೆಗೆ ಅಂಟಿದ, ಕಾಲುಂಗುರದಷ್ಟು ತಾಮ್ರದ ಬಳೆ. ಬಳೆಯಲ್ಲೊಂದು ಸಣ್ಣ ಸಂದು. ಮಾದರಿಯ ಹನಿ ಅಲ್ಲಿಗೆ.

"ಬೆರಳ ತುದಿಯ ರಕ್ತ ಸಾಕಾಗಬೇಕ್ರಿ ಅಕ್ಕಾ. ಕಿಡ್ನಿ ಕೆಟ್ಟವರಿಗೆ ಮತ್ತ ಮತ್ತ ಸೂಜಿ ಚುಚ್ಚೂದು ತಪ್ಪತೈತಿ," ಎನ್ನುತ್ತಿದ್ದರು.

ರಕ್ತದ ಪರೀಕ್ಷೆ ಕಾಲೇಜಿನಲ್ಲಿ. ಮನೆಯಲ್ಲಿ ಅಭ್ಯಾಸಕ್ಕೆ ಮೊಟ್ಟೆಯ ಬಿಳಿಭಾಗ. ನಮ್ಮದೋ ನಿತ್ಯ ಲಿಂಗಪೂಜೆಯ ಮನೆ. ಒಂದು ಬೆಳಿಗ್ಗೆ ಕಸದ ಬುಟ್ಟಿಯಲ್ಲಿ ನಮ್ಮ ಅತ್ತೆಗೆ ಮೊಟ್ಟೆಯ ಸಿಪ್ಪೆ ಕಂಡಿತು.

"ಸೋಮವಾರದೊಳಗ ಮನಿ ಖಾಲಿ ಮಾಡವಾ ತಂಗಿ."

"ತಿಂದಿಲ್ರಿ ಅಮ್ಮಾರ. ಅಳದೇನಿ."

"ತತ್ತಿ ಅಳೀತಾಳಂತ! ಗಜಪಟ್ಟಿ ಹಿಡದೇನ?"

ಮೇಡಂ ಕಣ್ಣು ತುಂಬಿ ಬಂತು. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ತಿಂಗಳು. ಈಗ ಯಂತ್ರ, ತಂತಿ ಕಟ್ಟಿಕೊಂಡು ಮನೆ ಹುಡುಕುತ್ತ ಹೊರಟರೆ ಎಲ್ಲ ಅರ್ಧಕ್ಕೇ ನಿಲ್ಲುತ್ತಿತ್ತು. ಒಮ್ಮೆ ಮೇಲೆ ಬಂದು ನೋಡಿರೆಂದು ಬೇಡಿಕೊಂಡರು. ಅತ್ತೆ ಮೂಗಿಗೆ ಸೆರಗು ಹಿಡಿದೇ ಮೆಟ್ಟಿಲು ಹತ್ತಿದರು.

ಮೊದಲು ಬರೀ ನೀರಿನ ಹನಿ. ಯಂತ್ರದ ಪರದೆಯ ಮೇಲಿನ ಗೆರೆಯಲ್ಲೊಂದು ತಗ್ಗು ಮೂಡಿತು. ಬಿಳಿಭಾಗ ಬೆರೆಸಿದ ನೀರಿಟ್ಟಾಗ ಆ ತಗ್ಗು ಮೆಲ್ಲಗೆ ಪಕ್ಕಕ್ಕೆ ಜಾರಿತು. ಪ್ರೋಟೀನ್ ಇದ್ದಷ್ಟೂ ಅದು ಜಾರುತ್ತದೆ ಎಂದರು ಮೇಡಂ. ಕಣ್ಣಿಗೆ ಎರಡೂ ತಿಳಿನೀರೇ.

ಅತ್ತೆ ಸೆರಗು ಬಿಟ್ಟು ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ, "ಹಾಲಾಗ ಇಲ್ಲೇನ ನಿನ್ನ ಪ್ರೋಟೀನು?" ಎಂದವರೇ ನನ್ನ ಕಡೆ ತಿರುಗಿ, "ಶ್ರೀಖಂಡಕ್ಕ ಮೊಸರು ಕಟ್ಟೀಯಲ್ಲ, ಅದರ ನೀರು ತಗೊಂಬಾ," ಎಂದರು.

ಬಟ್ಟೆಯಿಂದ ತೊಟ್ಟಿಕ್ಕಿದ ತಿಳಿಹಳದಿ ನೀರು. ರಕ್ತದ ಕೆಂಪು ತೆಗೆದರೆ ಉಳಿಯುವ ನೀರೂ ಹೆಚ್ಚುಕಡಿಮೆ ಇದೇ ಬಣ್ಣ ಎಂದರು ಮೇಡಂ. ಹನಿ ಇಟ್ಟರು... ತಗ್ಗು ಜಾರಿತು! ಇಷ್ಟು ವರ್ಷ ಬಚ್ಚಲಿಗೆ ಸುರಿಯುತ್ತಿದ್ದ ನೀರಿನೊಳಗೆ ಏನಿತ್ತೆಂದು ನನಗೆ ಗೊತ್ತಿರಲಿಲ್ಲ. ಆ ತಾಮ್ರದ ಬಳೆ ಕ್ಷಣದಲ್ಲಿ ಹೇಳಿಬಿಟ್ಟಿತು.

"ಹಂಗಾರ ಇರು," ಎಂದರು ಅತ್ತೆ. "ತತ್ತಿ ಮಾತ್ರ ಕಾಲೇಜಿನ್ಯಾಗ."

ಆಮೇಲೆ ಪ್ರಬಂಧ ಮುಗಿಯುವವರೆಗೂ ವಾರಕ್ಕೆರಡು ಸಲ ಅತ್ತೆಯೇ ಮೊಸರು ಕಟ್ಟಿದರು. ಮನೆಮಂದಿಗೆಲ್ಲ ಶ್ರೀಖಂಡ ಸಾಕಾಗಿ ಹೋಗಿತ್ತು! ಮೇಡಂ ಡಾಕ್ಟರೇಟ್ ಪಡೆದು ಬೇರೆ ಊರಿಗೆ ಹೋದರು. ಅಲ್ಲೂ ಅದೇ ಕೆಲಸ ಮುಂದುವರಿಸಿದ್ದರು. ಹೋದ ವರ್ಷ ಅವರ ತಂಗಿ ಫೋನ್ ಮಾಡಿ, ಅಕ್ಕ ಜ್ವರದಲ್ಲಿ ತೀರಿಕೊಂಡಳೆಂದು ತಿಳಿಸಿದರು...

ಈಗ ಅತ್ತೆಗೇ ಕಿಡ್ನಿಯ ತೊಂದರೆ. ನಿನ್ನೆ ರಕ್ತ ತೆಗೆಯಲು ಬಂದಾಕೆ ನರ ಸಿಗದೆ ಮೂರು ಸಲ ಚುಚ್ಚಿದಳು. ಅವಳು ಹೋದ ಮೇಲೆ ನಾನು ಹತ್ತಿ ಒತ್ತಿ ಹಿಡಿದಿದ್ದಾಗ ಅತ್ತೆ ಮೆಲ್ಲಗೆ ಹೇಳಿದರು:

"ತತ್ತಿ ಅಳೀತಿದ್ದಾಕಿ ಇನ್ನೊಂದೀಟು ವರ್ಷ ಇರಬೇಕಾಗಿತ್ತವಾ."