ಪಾಡಿನ ಐತಾರ ಯಾವ ವಾರ

ಸಿಂಧನೂರಿನಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಎರಡನೆಯ ವರ್ಷ. ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ; ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಯುಗಾದಿ ಹತ್ತಿರ ಬಂದಿತ್ತು. ತುರ್ವಿಹಾಳ, ಗೊರೇಬಾಳದ ಹೆಣ್ಣುಮಕ್ಕಳು ಹಬ್ಬದ ಸೀರೆಗೆ ಜಂಪರ್ ಹೊಲಿಯಲು ಕೊಟ್ಟು ಹೋಗಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಂಥ ಹೊತ್ತಿನಲ್ಲಿ ಆಯಿ ಬಂದಳು. ಮುದಗಲ್ಲ ಕಡೆಯವಳು, ಎಪ್ಪತ್ತು ದಾಟಿದ ಕ್ರೈಸ್ತ ಹೆಂಗಸು. ನಮ್ಮೂರಿನ ಚರ್ಚಿನಲ್ಲಿ ಕಸ ಗುಡಿಸುವುದು, ಹೂ ಇಡುವುದು, ಪೂಜೆಯ ಬಟ್ಟೆ ಒಗೆಯುವುದು ಅವಳ ಪಾಲಿನ ಕೆಲಸ. ಕಂಕುಳಲ್ಲಿ ನೇರಳೆ ಬಣ್ಣದ ಬಟ್ಟೆಯ ಗಂಟು, ಕೈಯಲ್ಲೊಂದು ಉದ್ದನೆಯ ದಾರ. ದಾರದಲ್ಲಿ ಅಲ್ಲಲ್ಲಿ ಗಂಟು ಹಾಕಿದ್ದಳು.

"ಇದು ಮರಿಯಮ್ಮನ ಎತ್ತರ, ಇದು ದೊಡ್ಡ ಶಿಲುಬಿದು, ಇವೆರಡು ಸಂತರದು," ಅಂತ ಗಂಟು ಮುಟ್ಟಿ ಮುಟ್ಟಿ ಹೇಳಿದಳು. "ಮೂರ್ತಿಗಳಿಗೆ ಮುಸುಕು ಹಾಕಬೇಕವ್ವಾ. ಹಳೇವು ಇಲಿ ಕಡದಾವ. ಪಾಡಿನ ಐತಾರದ ಹಿಂದಿನ ಶನಿವಾರ ಬಂದು ಒಯ್ತೀನಿ."

ನಮ್ಮ ಕಡೆ ಪಾಡ ಅಂದರೆ ಚೆಂದ, ಒಳ್ಳೆಯದು. ಏನೋ ಒಳ್ಳೆಯ ದಿನ ಇರಬೇಕು ಅಂದುಕೊಂಡು, "ಪಾಡಾತು ಬಿಡ್ರಿ ಆಯಿ, ಹೊಲ್ದು ಇಡ್ತೀನಿ" ಅಂದೆ. ಅವಳು ನಕ್ಕು ಹೋದಳು. ಯಾವ ಭಾನುವಾರ ಅಂತ ಕೇಳಲೇ ಇಲ್ಲ.

ಮರುದಿನ ಅದೇ ಚರ್ಚಿಗೆ ಹೋಗುವ ಒಬ್ಬ ನರ್ಸು ಜಂಪರ್ ಒಯ್ಯಲು ಬಂದಾಗ ಕೇಳಿದೆ. ಆಕೆ ಮೊಬೈಲು ತೆಗೆದು ನೋಡಿ, "ಗರಿಗಳ ಭಾನುವಾರನ ಪಾಡಿನ ಭಾನುವಾರ ರೀ. ಈಸ್ಟರ್‌ಗೆ ಒಂದು ವಾರ ಮೊದ್ಲ ಬರ್ತದ," ಅಂದಳು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅದರ ಹಿಂದಿನ ಶನಿವಾರಕ್ಕೆ ಇನ್ನೂ ಬೇಕಾದಷ್ಟು ದಿನಗಳಿದ್ದವು. ಬಟ್ಟೆಯ ಗಂಟನ್ನು ಕಪಾಟಿನ ಕೆಳಗೆ ತಳ್ಳಿ ಜಂಪರುಗಳಿಗೆ ಕೂತೆ.

ಆಯಿ ಬಂದದ್ದು ಅದಕ್ಕಿಂತ ಒಂದು ವಾರ ಮುಂಚಿನ ಶನಿವಾರ, ಬೆಳಿಗ್ಗೆ ಹತ್ತಕ್ಕೆ.

"ಆತೇನವ್ವಾ?"

"ಮುಂದಿನ ವಾರ ಅಲ್ಲೇನ್ರಿ ಆಯಿ?"

"ನಾಳೀನ ಪಾಡಿನ ಐತಾರ. ಇವತ್ತ ಸಂಜೀಕ ಮುಸುಕು ಬೀಳಬೇಕು."

ಕಪಾಟಿನ ಕೆಳಗಿಂದ ಗಂಟು ಎಳೆದು ತೋರಿಸಿದೆ. ಕತ್ತರಿ ಕೂಡ ಮುಟ್ಟಿರಲಿಲ್ಲ. ನನ್ನ ಮುಖ ಸಣ್ಣದಾಯಿತು. ನರ್ಸು ಹೇಳಿದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ನೆಲದ ಮೇಲೆ ಕೂತಳು.

"ಆ ಹುಡಿಗಿ ಸುಳ್ಳು ಹೇಳಿಲ್ಲವ್ವಾ. ಈಗ ಹಂಗ ಅಂತಾರ. ನಾ ಸಣ್ಣಾಕಿ ಇದ್ದಾಗ ಈ ವಾರಕ್ಕ ಪಾಡಿನ ಐತಾರ ಅಂತಿದ್ರು. ನಮ್ಮ ಸ್ವಾಮಿ ಪಟ್ಟ ಪಾಡು ನೆನೆಸೂದು ಇಲ್ಲಿಂದ ಚಾಲೂ. ಆಮ್ಯಾಲ ಮ್ಯಾಲಿನವ್ರು ಪಂಚಾಂಗ ತಿದ್ದಿ, ಆ ಹೆಸರು ಒಯ್ದು ಗರಿ ಐತಾರಕ್ಕ ಕೂಡಿಸಿದ್ರು. ಈ ವಾರಕ್ಕ ಹೆಸರ ಇಲ್ಲ ಈಗ. ಬರೇ ತಪಸ್ಸುಕಾಲದ, ನಮ್ಮ ಉಪಾಸದ ದಿನದ, ಐದನೇ ಭಾನುವಾರ. ಮುಸುಕು ಮಾತ್ರ ನಾವು ಇವತ್ತ ಹಾಕ್ತೀವಿ. ನನ್ನ ಬಾಯಾಗ ಹಳೇದ ಬರ್ತದ, ಏನು ಮಾಡ್ಲಿ?"

"ನಂದ ತಪ್ಪು ರೀ. ನಿಮ್ಮನ್ನ ಕೇಳಬೇಕಿತ್ತು."

"ತಪ್ಪು ಆಮ್ಯಾಲ ನೋಡೂಣು. ಸೂಜಿ ಕೊಡು ಇಲ್ಲಿ."

ಜಂಪರುಗಳನ್ನು ಬದಿಗೆ ಸರಿಸಿದೆ. ಕರೆಂಟು ಇರಲಿಲ್ಲ, ಆದರೆ ನನ್ನದು ಕಾಲಿನಿಂದ ತುಳಿಯುವ ಮಷೀನು. ಆಯಿ ದಾರ ಹಿಡಿದು ಅಳತೆ ಹೇಳಿದಂತೆ ಕತ್ತರಿಸಿದೆ. ಉದ್ದನೆಯ ಅಂಚುಗಳನ್ನು ನಾನು ಮಷೀನಿನಲ್ಲಿ ಹೊಲಿದೆ, ಮೂಲೆಗಳನ್ನು ಆಯಿ ಕೈಯಲ್ಲಿ ಹೊಲಿದಳು. ಕನ್ನಡಕ ಮೂಗಿನ ತುದಿಗಿತ್ತು. ಹೊಲಿಗೆ ಮಾತ್ರ ಇರುವೆ ಸಾಲಿನಂತೆ ಒತ್ತಾಗಿ, ನೆಟ್ಟಗೆ ಬೀಳುತ್ತಿತ್ತು.

ಕೆಲಸದ ನಡುವೆ ನಾನು ಸುಮ್ಮನೆ ಅಂದೆ: "ನನ್ನ ಹೆಸರೂ ಬದಲ್ ಮಾಡ್ಯಾರ ರೀ, ಲಗ್ನದಾಗ. ನಮ್ಮತ್ತೆ ಮನ್ಯಾಗ ಅದ ಹೆಸರಿನ ನಾದಿನಿ ಇದ್ಲು."

ಆಯಿ ಸೂಜಿ ನಿಲ್ಲಿಸಿದಳು. "ನಿಮ್ಮವ್ವ ಏನಂತ ಕರೀತಿದ್ಲು?"

ಹೇಳಿದೆ. ಎಂಟು ವರ್ಷದಲ್ಲಿ ನನ್ನ ಬಾಯಿಂದಲೇ ಆ ಹೆಸರು ಬಂದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಅವ್ವ ತೀರಿಕೊಂಡ ಮೇಲೆ ಕರೆಯುವವರೇ ಇರಲಿಲ್ಲ. ಆಯಿ ಒಂದು ಸಲ ಮೆಲ್ಲಗೆ ಅದನ್ನು ಅಂದು ನೋಡಿದಳು. ಆಮೇಲೆ ಏನೂ ಆಗದವಳಂತೆ, ಅದೇ ಹೆಸರು ಹಿಡಿದು ಕರೆದು, "ದಾರ ಪೋಣಿಸಿ ಕೊಡು, ಕಣ್ಣು ಕಾಣವಲ್ದು" ಅಂದಳು. ನಾನು ಪೋಣಿಸಿದೆ. ನನ್ನ ಕಣ್ಣಿಗೂ ಸೂಜಿಯ ತೂತು ಸರಿಯಾಗಿ ಕಾಣಲಿಲ್ಲ.

ನಾಲ್ಕು ಗಂಟೆಗೆ ಕೊನೆಯ ಮುಸುಕು ಮುಗಿಯಿತು. ಆಟೋದಲ್ಲಿ ಇಬ್ಬರೂ ಹೋದೆವು. ನಾನು ಚರ್ಚಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಏಣಿ ಹತ್ತಿದ್ದು ನಾನೇ, ಕೆಳಗಿಂದ ಹೇಳಿಕೊಟ್ಟವಳು ಆಯಿ. ಮರಿಯಮ್ಮನ ಮುಖದ ಮೇಲೆ ಬಟ್ಟೆ ಇಳಿಬಿಡುವಾಗ ಕೈ ತಡೆಯಿತು. "ಇಳೀ ಬಿಡು," ಅಂದಳು ಆಯಿ, "ಪಾಸ್ಕದ ಹಬ್ಬಕ್ಕ, ಈಸ್ಟರ್ ದಿನ, ಮತ್ತ ನೋಡ್ತೀವಲ್ಲ."

ಅಷ್ಟರಲ್ಲಿ ಫಾದರ್ ಬಂದರು, ಎಳೆ ವಯಸ್ಸಿನವರು. ಆಯಿ ಅವರ ಮೇಲೆಯೇ ಏರಿ ಹೋದಳು. "ನೀವು ವಾರದ ಹೆಸರು ಬದಲ್ ಮಾಡ್ತೀರಿ, ಇಲ್ಲಿ ಈ ಹುಡಿಗಿ ಊಟ ಬಿಟ್ಟು ಹೊಲ್ದಾಳ ನೋಡ್ರಿ!"

"ನಾನು ಹುಟ್ಟೋಕೆ ಮೊದಲೇ ಬದಲಾಗಿದೆ, ಅಜ್ಜಿ," ಅಂತ ಅವರು ನಕ್ಕರು. ನನ್ನ ಕಡೆ ತಿರುಗಿ ಕೈ ಮುಗಿದು, ಒಳಗಿನಿಂದ ಬಾಳೆಹಣ್ಣು ತರಿಸಿ ಕೊಟ್ಟರು. ಎರಡು ತಿಂದೆ. ಅಷ್ಟು ಹಸಿವಾಗಿತ್ತು.

ಒಂದು ದಿನ ಕಳೆದುಹೋದದ್ದರಿಂದ ಜಂಪರುಗಳು ಹಿಂದೆ ಬಿದ್ದವು. ಸೋಮವಾರ ಗೊರೇಬಾಳದ ಒಬ್ಬಾಕೆ ಬಾಗಿಲಲ್ಲೇ ನಿಂತು, "ಹಬ್ಬ ಮುಗಿದ ಮ್ಯಾಲ ಕೊಡ್ತಿಯೇನು?" ಅಂತ ಕೂಗಾಡಿ ಹೋದಳು. ಅವಳು ಹೋದ ಹತ್ತು ನಿಮಿಷಕ್ಕೆ ಆಯಿ ಬಂದಳು, ಬುತ್ತಿ ಕಟ್ಟಿಕೊಂಡು. ಕರೆದಿರಲಿಲ್ಲ. ಮೂಲೆಯಲ್ಲಿ ಕೂತು ಹುಕ್ಕು ಹಚ್ಚತೊಡಗಿದಳು. ಯುಗಾದಿಯ ಹಿಂದಿನ ದಿನದವರೆಗೂ ದಿನಾ ಬಂದಳು. ಈಸ್ಟರ್‌ವರೆಗೆ ಉಪವಾಸದ ಕಾಲ ಅಂತ ಅವಳು ಹಾಲು ಸಕ್ಕರೆ ಬಿಟ್ಟಿದ್ದಳು, ಕರಿ ಚಹಾ ಕುಡಿಯುತ್ತಿದ್ದಳು. ಒಂದು ಜಂಪರೂ ಉಳಿಯಲಿಲ್ಲ. ಗೊರೇಬಾಳದಾಕೆಗೂ ಹಬ್ಬದ ಮುಂಚೆಯೇ ಸಿಕ್ಕಿತು.

ಆಮೇಲೆ ಪ್ರತಿ ವರ್ಷ ಆ ಶನಿವಾರ ನಾನು ಅಂಗಡಿ ಬೇಗ ಮುಚ್ಚಿ ಏಣಿ ಹತ್ತಲು ಹೋಗುತ್ತಿದ್ದೆ. ನಮ್ಮತ್ತೆ ಮೊದಲ ವರ್ಷ ಗೊಣಗಿದರು. ಎರಡನೆಯ ವರ್ಷ, "ಆ ಮುದಿಕಿಗೆ ಒಯ್ದು ಕೊಡು" ಅಂತ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿ ಕೊಟ್ಟರು.

ಈಗ ಆಯಿ ಲಿಂಗಸುಗೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಪೂರ್ತಿ ಮಂದವಾಗಿದೆ. ಈ ವರ್ಷ ಗರಿಗಳ ಭಾನುವಾರ ಕಳೆದ ಮೇಲೆ ಬಸ್ಸು ಹತ್ತಿ ನೋಡಲು ಹೋಗಿದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಅವಳಿಗೆಂದು ದ್ರಾಕ್ಷಿ ತೆಗೆದುಕೊಂಡೆ. ಪಕ್ಕದಲ್ಲಿ ಹೋಗಿ ಕೂತಾಗ ಆಯಿ ಮುಟ್ಟಿ ಮುಟ್ಟಿ ನನ್ನ ಬೆರಳು ನೋಡಿದಳು, ಸೂಜಿ ಚುಚ್ಚಿ ಗಟ್ಟಿಯಾದ ತುದಿಗಳನ್ನು.

"ಅಂಗಡಿ ನಡದೈತಿ?"

"ನಡದೈತ್ರಿ. ಇಬ್ಬರು ಹುಡಿಗ್ಯಾರು ಕಲಿಯಾಕ ಬರಾಕತ್ತಾರ."

"ಮೂಲಿ ಹೊಲಿಯೂದು ಕಲಿಸೀ?"

"ಮದ್ಲ ಅದನ್ನ ಕಲಿಸೀನ್ರಿ."

ಅವಳು ತಲೆಯಾಡಿಸಿ ದ್ರಾಕ್ಷಿಯ ಗೊಂಚಲನ್ನು ನನ್ನ ಕಡೆಗೇ ಸರಿಸಿದಳು. ನಿಮ್ಮಿಂದಲೇ ಆ ಯುಗಾದಿಗೆ ನನ್ನ ಅಂಗಡಿ ಉಳಿಯಿತು ಅಂತ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಷ್ಟು ಹೇಳಿದೆ. "ಹುಚ್ಚಿ," ಅಂದಳು ಆಯಿ, ಕೈ ಬಿಡಲಿಲ್ಲ. ಕೊನೆಯ ಬಸ್ಸಿನ ಹೊತ್ತಿನವರೆಗೂ ಹಾಗೇ ಕೂತಿದ್ದೆವು.