ಕರೆಂಟು ಇಡಿಸಿಕೊಂಡವಳ ಹುಳದ ಮನೆ

ಅಕ್ಕ ಸತ್ತಾಗ ನನಗೆ ಐವತ್ತೆಂಟು. ಈಗ್ಗೆ ಹತ್ತು ವರ್ಷವಾಯಿತು. ತಲೆಯ ಮೇಲೆ ರೇಷ್ಮೆ ಸೊಪ್ಪಿನ ಹೊರೆ, ಎರಡೂ ಕೈ ಬಿಟ್ಟು, ಸೊಂಟ ಕುಣಿಸುತ್ತ ಬರುವವಳು. ಎಲೆಅಡಿಕೆಯಿಂದ ಹಲ್ಲೆಲ್ಲ ಕೆಂಪು. ಪಕ್ಕದ ಮನೆಯವಳು, ನನಗಿಂತ ದೊಡ್ಡವಳೆಂದು ಅಕ್ಕ ಅನ್ನುತ್ತಿದ್ದೆ. ಆ ನಡಿಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಇಬ್ಬರಿಗೂ ಬಂದದ್ದು ಒಂದೇ ಕಾಯಿಲೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮೊದಲು ಅವಳಿಗೆ. ಮುಟ್ಟು ನಿಂತ ಮೇಲೂ ನನಗೆ ರಕ್ತ ಹೋಗುತ್ತಿದ್ದುದನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಂಡು, ರಟ್ಟೆ ಹಿಡಿದು ಬೆಂಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದವಳೂ ಅವಳೇ. ಇಬ್ಬರಿಗೂ ಕರೆಂಟು ಇಟ್ಟರು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗನ್ನುತ್ತೇವೆ. ಇಬ್ಬರೂ ಉಳಿದೆವು. ಆದರೆ ಬದುಕಿದವಳು ಅವಳು.

ಉಂಡ ಕೂಡಲೇ ಹೊರಕಡೆಗೆ ಓಡುವ ಕಷ್ಟ ಇಬ್ಬರಿಗೂ ಇತ್ತು. ನಾನು ಬಸ್ಸು ಹತ್ತುವುದನ್ನೇ ಬಿಟ್ಟೆ. ಅವಳು ಕನಕಪುರದ ಬಸ್ಸಿನಲ್ಲಿ ಕೂಗುತ್ತಿದ್ದಳಂತೆ, "ಏ ಡ್ರೈವರಪ್ಪ, ಒಸಿ ನಿಲ್ಸು. ಇಲ್ದಿದ್ರೆ ಸೀಟು ನೀನೇ ತೊಳೀಬೇಕಾಯ್ತದೆ!" ಬಸ್ಸೆಲ್ಲ ನಗುತ್ತಿತ್ತಂತೆ, ಅವಳೂ ನಗುತ್ತಿದ್ದಳಂತೆ.

ಕೆಳಗಿನ ಹಾದಿ ಮುಚ್ಚಿಕೊಳ್ಳದಿರಲಿ ಎಂದು ನರ್ಸಮ್ಮ ಇಬ್ಬರಿಗೂ ನುಣುಪಾದ ಪ್ಲಾಸ್ಟಿಕ್ ಕೊಳವೆ ಕೊಟ್ಟು, ಆಗಾಗ ಒಳಗಿಡಲು ಹೇಳಿದ್ದರು. ನಾನು ನಾಚಿ ಅಟ್ಟಕ್ಕೆ ಎಸೆದೆ. ಅವಳು ಹೇಳಿದಂತೆ ಮಾಡಿದಳು. ಅವಳ ಗಂಡ ಹಿತ್ತಿಲಲ್ಲಿ ಅವಳ ತಲೆಗೆ ನೀರು ಹುಯ್ಯುತ್ತ ನಗುವುದು ಗೋಡೆಯಾಚೆಗೆ ಕೇಳುತ್ತಿತ್ತು. ನನ್ನ ಗಂಡ ಜಗಲಿಯಲ್ಲಿ ಮಲಗುತ್ತಿದ್ದ.

ಎಲ್ಲಕ್ಕಿಂತ ಉರಿದದ್ದು ಹುಳದ ಮನೆಯ ವಿಷಯಕ್ಕೆ. ಕರೆಂಟು ಇಟ್ಟ ಮೈ ಕಾವು, ರೇಷ್ಮೆ ಹುಳಕ್ಕೆ ಆಗದು ಎಂದು ನನ್ನತ್ತೆ ನನ್ನನ್ನು ಬಾಗಿಲಲ್ಲೇ ತಡೆದಿದ್ದಳು. ಮದುವೆಯಾಗಿ ಬಂದಂದಿನಿಂದ ಹುಳ ಮೇಯಿಸಿದ ಕೈ, ಕೆಲಸವಿಲ್ಲದೆ ಮಡಿಲಲ್ಲಿ ಬಿದ್ದಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಅಕ್ಕ, ನಿಂಗೂ ಕರೆಂಟ್ ಇಟ್ಟವ್ರೆ. ನೀನೆಂಗೆ ಒಳಕ್ಕೋಯ್ತೀಯೆ?"

"ಡಾಕ್ಟ್ರಮ್ಮನ್ನೇ ಕೇಳ್ದೆ ಕಣಮ್ಮಿ, ನನ್ ಹುಳ ಸಾಯ್ತವಾ ಅಂತ. ಆವಮ್ಮ ನಕ್ಬುಡ್ತು. ಮಿಷಿನ್ ಆಫ್ ಮಾಡುದ್ಮೇಲೆ ಮೈಯಲ್ಲಿ ಏನೂ ಉಳಿಯಾಕಿಲ್ವಂತೆ. ಗಂಡನ್ ತಾವ ಮಲಗ್ಬೋದಾ ಅಂತಾನೂ ಕೇಳ್ದೆ. ನೀನೇನ್ ಕೇಳ್ದೆ?"

"ಏನೂ ಇಲ್ಲ."

"ನಿಂಗೇನ್ ಬಾಯ್ಗೆ ಕರೆಂಟ್ ಇಟ್ಟಿದ್ರಾ?"

ಅತ್ತೆಗೆ ಹೇಳಿದೆ, ನಂಬಲಿಲ್ಲ. ನಾನೂ ಜಗಳ ಮಾಡಲಿಲ್ಲ. ಅಕ್ಕನ ಬಾಯಿಂದ ಬಂದದ್ದನ್ನು ಹಿಡಿದುಕೊಂಡು ಒಳಗೆ ಹೋಗಲು ನನಗೇ ಮನಸ್ಸಾಗಲಿಲ್ಲ.

ಕೆಲವು ವರ್ಷಕ್ಕೆ ಅವಳ ಕಾಯಿಲೆ ಶ್ವಾಸಕೋಶಕ್ಕೆ ಮರಳಿ ಬಂತು. ಸತ್ತಾಗ ಗಂಡ ಊರೆದುರು ಬಿದ್ದು ಹೊರಳಿ ಅತ್ತ. ನನಗೆ ಯಾರು ಹೀಗೆ ಅಳುತ್ತಾರೆ ಎಂದು ಅಲ್ಲೂ ಉರಿಯಿತು.

ಅವಳ ಹುಳ ಕಡೆಯ ಜ್ವರ, ಅಂದರೆ ಪೊರೆ ಬಿಡುವ ಕಡೆಯ ನಿದ್ದೆ, ಮುಗಿಸಿ ಎದ್ದಿದ್ದವು. ಆಗ ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಕೆಡುತ್ತದೆ. ಸೂತಕದವರು ಹುಳದ ಮನೆಗೆ ಕಾಲಿಡುವಂತಿಲ್ಲ. ಮಣ್ಣು ಮಾಡಿದ ಸಂಜೆ ಅವಳ ಗಂಡ ನಮ್ಮ ಜಗಲಿಗೆ ಬಂದ. "ಅವ್ಳು ಸಾಕಿದ್ ಹುಳ ಕಣವ್ವ. ಯಾರ್ನಾದ್ರೂ ಕಳ್ಸಿ."

"ಕಳ್ಸೋಣ. ಇವ್ಳೊಬ್ಳು ಬ್ಯಾಡ," ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಅತ್ತೆ ಏಳುವ ಮೊದಲೇ ಅಕ್ಕನ ತೋಟದಲ್ಲಿ ಸೊಪ್ಪು ಕುಯ್ದೆ. ಕೈಕಾಲು ತೊಳೆದು, ಅವಳ ಹುಳದ ಮನೆಯ ಬಾಗಿಲು ತೆಗೆದು ಒಳಗೆ ಹೋದೆ. ಅವಳ ಹುಳದ ತಟ್ಟೆಗಳು ನಮ್ಮವಕ್ಕಿಂತ ಚೊಕ್ಕಟವಾಗಿದ್ದವು. ಅದನ್ನೂ ನೋಡಿಕೊಂಡೇ ಸೊಪ್ಪು ಹಾಕಿದೆ.